ತಿರುಗುವ ಎಲೆಕ್ಟ್ರೋಡ್‌ನಲ್ಲಿ ಫೆರೊಸೀನ್ ವೇಗ ಅಳೆಯುತ್ತಿದ್ದೇನೆ, ಸಂಖ್ಯೆ ದಿನಕ್ಕೊಂದು ಬರುತ್ತಿದೆ

ಬದಿಯಡ್ಕ ಎಂಎಸ್ಸಿ

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಈಗ ಎಂಎಸ್ಸಿ ಕೊನೆಯ ಸೆಮಿಸ್ಟರ್. ಕನ್ನಡದಲ್ಲಿ ಕೇಳಿದರೆ ನನಗೆ ನಿಜವಾಗಿ ಅರ್ಥವಾಗುತ್ತದೆ, ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಪ್ರಾಜೆಕ್ಟ್ ಹೀಗಿದೆ. ಫೆರೊಸೀನ್ ಅನ್ನುವ ಕಬ್ಬಿಣದ ಸಂಯುಕ್ತ ಒಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಫೆರೊಸೀನಿಯಂ ಆಗುತ್ತದೆ. ಎಲೆಕ್ಟ್ರೋಡ್ ಮೇಲೆ ಅದು ಎಷ್ಟು ಬೇಗ ನಡೆಯುತ್ತದೆ ಅಂತ ಅಳೆಯಬೇಕು. ಆ ವೇಗ ಸ್ಥಿರಾಂಕಕ್ಕೆ ಎಲ್ಲರೂ ಕೆ-ನಾಟ್ ಅನ್ನುತ್ತಾರೆ.

ನನ್ನ ಹತ್ತಿರ ಇರುವುದು ತಿರುಗುವ ಡಿಸ್ಕ್ ಎಲೆಕ್ಟ್ರೋಡ್. 5 ಮಿ.ಮೀ. ಅಗಲದ ಗ್ಲಾಸಿ ಕಾರ್ಬನ್. ಅಸಿಟೋನೈಟ್ರೈಲ್‌ನಲ್ಲಿ 1 ಮಿಲಿಮೋಲಾರ್ ಫೆರೊಸೀನ್, ಜೊತೆಗೆ 0.1 ಮೋಲಾರ್ ಲವಣ. 400, 900, 1600, 2500 ಆರ್‌ಪಿಎಂನಲ್ಲಿ ತಿರುಗಿಸಿ ಕರೆಂಟ್ ಅಳೆದೆ. ಆಮೇಲೆ ಕೌಟೆಕಿ-ಲೆವಿಚ್ ಗೆರೆ ಹಾಕಿದೆ. ಅಂದರೆ ಕರೆಂಟಿನ ವಿಲೋಮವನ್ನು ತಿರುಗುವ ವೇಗದ ವರ್ಗಮೂಲದ ವಿಲೋಮದ ಎದುರು ಇಟ್ಟು, ಗೆರೆ ಅಕ್ಷವನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿಂದ ಕೆ-ನಾಟ್ ತೆಗೆದೆ.

ಮೊದಲ ದಿನ ಸೆಕೆಂಡಿಗೆ 0.05 ಸೆಂ.ಮೀ. ಬಂತು. ಎರಡನೇ ದಿನ 0.11. ಮೂರನೇ ದಿನ ಗೆರೆ ಸೊನ್ನೆಯ ಕೆಳಗೆ ಹೋಗಿ ಮೈನಸ್ ಬಂತು! ಪ್ರಕಟವಾದ ಪ್ರಬಂಧಗಳಲ್ಲಿ ಸುಮಾರು 1, ಅಥವಾ ಅದಕ್ಕಿಂತ ಜಾಸ್ತಿ ಇದೆ. ಡಿಸ್ಕನ್ನು ಅಲ್ಯೂಮಿನಾದಲ್ಲಿ ಪ್ರತಿ ಸಲ ಉಜ್ಜಿದ್ದೇನೆ. ಕರೆಂಟ್ ಗೆರೆ ನೋಡಲು ಚೆನ್ನಾಗಿಯೇ ಇದೆ. ಎಲ್ಲಿ ತಪ್ಪುತ್ತಿದ್ದೇನೆ? ಇನ್ನು ಐದು ವಾರ ಉಳಿದಿದೆ.

ಪೆರ್ಲದ ಮಾಷ್ಟ್ರು

ಮಗೂ, ನಾನು ಪ್ಲಸ್ ಟು ಮಕ್ಕಳಿಗೆ ಕೆಮಿಸ್ಟ್ರಿ ಕಲಿಸಿ ನಿವೃತ್ತನಾದವ. ನೀನು ಹೇಳುವ ಉಪಕರಣ ಕಣ್ಣಿಂದ ನೋಡಿಲ್ಲ. ಆದರೆ ನಿನ್ನ ಸಮಸ್ಯೆಯನ್ನು ನಮ್ಮ ಅಂಗಳದಲ್ಲಿ ಪ್ರತಿ ವರ್ಷ ನೋಡುತ್ತೇನೆ.

ಚಾಲಿ ಸುಲಿಯಲು ಇಬ್ಬರು ಕೂತಿದ್ದಾರೆ ಅಂತ ಇಟ್ಟುಕೋ. ಒಬ್ಬ ಒಂದು ಅಡಿಕೆಯನ್ನು 3 ಸೆಕೆಂಡಿನಲ್ಲಿ ಸುಲಿಯುತ್ತಾನೆ. ಇನ್ನೊಬ್ಬನಿಗೆ 6 ಸೆಕೆಂಡ್ ಬೇಕು. ಕೈಚಳಕದಲ್ಲಿ ಎರಡು ಪಟ್ಟು ವ್ಯತ್ಯಾಸ. ಆದರೆ ಅಡಿಕೆ ತಂದುಕೊಡುವ ಹುಡುಗ ಒಂದೊಂದನ್ನೇ ತರುತ್ತಾನೆ, ಪ್ರತಿ ಒಂದಕ್ಕೆ 60 ಸೆಕೆಂಡ್. ಮೊದಲಿನವನಿಗೆ ಒಂದು ಅಡಿಕೆಗೆ 63 ಸೆಕೆಂಡ್ ಆಯಿತು, ಎರಡನೆಯವನಿಗೆ 66. ಸಂಜೆ ಎರಡು ರಾಶಿ ನೋಡಿದರೆ ಯಾರು ಚುರುಕು ಅಂತ ಹೇಳಲಿಕ್ಕೆ ಆಗುತ್ತದಾ?

ನಿನ್ನ ಕೌಟೆಕಿ-ಲೆವಿಚ್ ಗೆರೆಯೂ ಇದೇ ಲೆಕ್ಕ ಅಂತ ಕಾಣುತ್ತದೆ. ಒಟ್ಟು ಹೊತ್ತು ಅಂದರೆ ತರುವ ಹೊತ್ತು, ಅದಕ್ಕೆ ಸುಲಿಯುವ ಹೊತ್ತು ಕೂಡಿಸು. ಹೊತ್ತು ಕೂಡುತ್ತದೆ, ವೇಗ ಕೂಡುವುದಿಲ್ಲ. ಅದಕ್ಕೇ ಕರೆಂಟಿನ ವಿಲೋಮ ಹಾಕುವುದು, ಅಲ್ವಾ? ಹುಡುಗನನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿ, ತರುವ ಹೊತ್ತು ಸೊನ್ನೆ ಆದರೆ ಎಷ್ಟು ಉಳಿಯುತ್ತದೆ ಅಂತ ಗೆರೆ ಎಳೆದು ನೋಡುತ್ತೀ. ಉಪಾಯ ಒಳ್ಳೆಯದೇ. ಆದರೆ 63ರಲ್ಲಿ 60 ಹುಡುಗನದ್ದೇ ಆದರೆ, ನಿನ್ನ ಗಡಿಯಾರ ನಾಲ್ಕು ಸೆಕೆಂಡ್ ಅತ್ತಿತ್ತ ಆದರೂ ಆ 3 ಸೆಕೆಂಡ್ ಕೊಚ್ಚಿಹೋಯಿತು. ಮೈನಸ್ ಬಂದದ್ದು ಹೀಗೇ ಇರಬಹುದು.

ಕುಂಬಳೆಯವ

ಮಾಷ್ಟ್ರೇ, ಈ ಹೋಲಿಕೆಯನ್ನು ನಾನು ಇನ್ನು ಮುಂದೆ ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ನಾನು ಇದೇ ಕೆಲಸದಲ್ಲಿ ಕೆಲವು ವರ್ಷ ಇದ್ದವ. ನಿಮ್ಮ ಮಾತಿಗೆ ಅಂಕಿ ಸೇರಿಸುತ್ತೇನೆ.

ತಂಗೀ, ಮೊದಲು ಒಂದು ವಿಷಯ ಗಮನಿಸು. ಕೆ-ನಾಟ್‌ನ ಅಳತೆ ಸೆಕೆಂಡಿಗೆ ಇಷ್ಟು ಸೆಂ.ಮೀ. ಅಂತ. ದ್ರಾವಣದಿಂದ ಫೆರೊಸೀನ್ ಎಲೆಕ್ಟ್ರೋಡಿಗೆ ಬಂದು ಮುಟ್ಟುವ ಸಾಗಣೆ ವೇಗದ ಅಳತೆಯೂ ಅದೇ. ಎರಡನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸಬಹುದು. ಯಾವ ಪ್ರಯೋಗಕ್ಕೂ ಮೊದಲು ಮಾಡಬೇಕಾದ ಲೆಕ್ಕ ಇದು. ಯಾಕೋ ಯಾರೂ ಇದನ್ನು ಮೊದಲು ಹೇಳಿಕೊಡುವುದಿಲ್ಲ.

ಅಸಿಟೋನೈಟ್ರೈಲ್‌ನಲ್ಲಿ ಫೆರೊಸೀನ್‌ನ ವಿಸರಣ ಗುಣಾಂಕ, ಅಂದರೆ ಅದು ದ್ರಾವಣದಲ್ಲಿ ತಾನಾಗಿ ಹರಡುವ ಚುರುಕು, ಸುಮಾರು 2.4 × 10⁻⁵ ಚ.ಸೆಂ.ಮೀ./ಸೆ. ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದರೆ 0.0044. ಲೆವಿಚ್ ಸೂತ್ರದಲ್ಲಿ ಸಾಗಣೆ ವೇಗ ಅಂದರೆ 0.62, ಗುಣಿಸು ವಿಸರಣ ಗುಣಾಂಕದ ಮೂರನೇ ಎರಡು ಘಾತ, ಗುಣಿಸು ತಿರುಗುವ ವೇಗದ ವರ್ಗಮೂಲ, ಭಾಗಿಸು ಆ 0.0044ರ ಆರನೇ ಮೂಲ. ತಿರುಗುವ ವೇಗವನ್ನು ರೇಡಿಯನ್‌ನಲ್ಲಿ ಹಾಕಬೇಕು, ಆರ್‌ಪಿಎಂ ಹಾಗೇ ಹಾಕಿದರೆ ತಪ್ಪಾಗುತ್ತದೆ. 2500 ಆರ್‌ಪಿಎಂ ಅಂದರೆ ಸೆಕೆಂಡಿಗೆ 262 ರೇಡಿಯನ್.

ಉತ್ತರ: ಸೆಕೆಂಡಿಗೆ 0.02 ಸೆಂ.ಮೀ. ಎಲೆಕ್ಟ್ರೋಡಿಗೆ ಅಂಟಿದ ವಿಸರಣ ಪದರದ ದಪ್ಪ ಸುಮಾರು 12 ಮೈಕ್ರಾನ್.

ಕೆ-ನಾಟ್ 1 ಇದ್ದರೆ ಅದು ನಿನ್ನ ಸಾಗಣೆಗಿಂತ 50 ಪಟ್ಟು ವೇಗ. ಮಾಷ್ಟ್ರ ಹುಡುಗ 60 ಸೆಕೆಂಡ್ ತೆಗೆದುಕೊಂಡರೆ ಸುಲಿಯುವವನಿಗೆ ಬೇಕಾದ್ದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ವೋಲ್ಟೇಜಿನಲ್ಲಿ ಇದು ಎಷ್ಟು ಕಾಣುತ್ತದೆ? ವೋಲ್ಟೇಜ್ ಏರಿಸಿದಂತೆ ಕರೆಂಟ್ ಏರಿ ಕೊನೆಗೆ ಸಮತಟ್ಟಾಗುವ ಗೆರೆಗೆ ಅಲೆ ಅನ್ನುತ್ತೇವೆ. ಎಲೆಕ್ಟ್ರಾನ್ ವರ್ಗಾವಣೆಗೆ ಹೊತ್ತೇ ತಗಲದಿದ್ದರೆ ಅಲೆಯ ಮಧ್ಯಬಿಂದು ಎಲ್ಲಿರಬೇಕೋ, ಅಲ್ಲಿಂದ ನಿನ್ನ ಅಲೆ ಜರುಗುವುದು ಅರ್ಧ ಮಿಲಿವೋಲ್ಟ್ ಮಾತ್ರ. ಅಲೆಯ ಕಾಲು ಭಾಗ ಮತ್ತು ಮುಕ್ಕಾಲು ಭಾಗದ ನಡುವಿನ ಅಂತರ 25 ಡಿಗ್ರಿಯಲ್ಲಿ 56.4 ಮಿಲಿವೋಲ್ಟ್ ಇರಬೇಕು, ಅದು 57 ಆಗುತ್ತದೆ. ವೋಲ್ಟೇಜನ್ನು ಹೋಲಿಸಿ ಅಳೆಯಲು ಇಡುವ ರೆಫರೆನ್ಸ್ ಎಲೆಕ್ಟ್ರೋಡೇ ಅದಕ್ಕಿಂತ ಜಾಸ್ತಿ ಅಲುಗುತ್ತದೆ.

ಇನ್ನು ಎರಡು ಕಾರಣ ಇದೆ. ಮೊದಲನೆಯದು, ಮಾಷ್ಟ್ರ ಹೋಲಿಕೆ ಎಲ್ಲಿ ನಿಲ್ಲುತ್ತದೆ ಅನ್ನುವುದು. ಸುಲಿದ ಅಡಿಕೆ ಮತ್ತೆ ಸಿಪ್ಪೆಯೊಳಗೆ ಹೋಗುವುದಿಲ್ಲ. ಫೆರೊಸೀನಿಯಂ ಮಾತ್ರ ಅದೇ ಎಲೆಕ್ಟ್ರೋಡಿನಿಂದ ಎಲೆಕ್ಟ್ರಾನ್ ತೆಗೆದುಕೊಂಡು ಫೆರೊಸೀನ್ ಆಗಿ ಹಿಂದೆ ಹೋಗುತ್ತದೆ. ನೀನು ಬಳಸಿದ ಸರಳ ಕೌಟೆಕಿ-ಲೆವಿಚ್ ಸೂತ್ರ ಒಂದೇ ದಿಕ್ಕಿನ ಕ್ರಿಯೆಗೆ ಬರೆದದ್ದು. ಫೆರೊಸೀನ್-ಫೆರೊಸೀನಿಯಂನಂಥ ವೇಗದ ಜೋಡಿಗೆ, ಅಲೆಯ ಏರಿನಲ್ಲಿ, ಹಿಮ್ಮುಖ ಕ್ರಿಯೆಯನ್ನು ಸೇರಿಸದೆ ಆ ಸೂತ್ರ ಹಾಕುವಂತಿಲ್ಲ.

ಎರಡನೆಯದು ದ್ರಾವಣದ ರೋಧ. 5 ಮಿ.ಮೀ. ಡಿಸ್ಕ್, 1 ಮಿಲಿಮೋಲಾರ್, 2500 ಆರ್‌ಪಿಎಂ. ನಿನಗೆ ಸುಮಾರು 0.39 ಮಿಲಿಆಂಪ್ ಕರೆಂಟ್ ಬಂದಿರಬೇಕು. ರೋಧ 100 ಓಮ್ ಅಂತ ಹಿಡಿದರೂ 39 ಮಿಲಿವೋಲ್ಟ್ ದ್ರಾವಣದಲ್ಲೇ ಕಳೆದುಹೋಯಿತು. ನೀನು ಹುಡುಕುವುದು ಅರ್ಧ ಮಿಲಿವೋಲ್ಟ್. ಅರ್ಧ ಎಲ್ಲಿ, 39 ಎಲ್ಲಿ! ಈ ಐಆರ್ ಡ್ರಾಪ್ ಅಲೆಯನ್ನು ಎಳೆದು ಉದ್ದ ಮಾಡುತ್ತದೆ. ನಿಧಾನದ ಕ್ರಿಯೆ ಕೂಡ ಅದನ್ನೇ ಮಾಡುತ್ತದೆ. ನಿನ್ನ 0.05, 0.11 ಎರಡೂ ಫೆರೊಸೀನ್‌ನ ಗುಣ ಹೇಳುತ್ತಿಲ್ಲ. ಆ ದಿನ ರೆಫರೆನ್ಸ್ ಎಲೆಕ್ಟ್ರೋಡನ್ನು ಎಷ್ಟು ದೂರ ಇಟ್ಟಿದ್ದೆ ಅನ್ನುವುದನ್ನು ಹೇಳುತ್ತಿವೆ ಅಂತ ನನ್ನ ಅಂದಾಜು.

ಬದಿಯಡ್ಕ ಎಂಎಸ್ಸಿ

ಅಣ್ಣ, ಈಗಲೇ ನೋಟ್ ಪುಸ್ತಕ ತೆಗೆದು ನೋಡಿದೆ. ಮೊದಲ ದಿನ ರೆಫರೆನ್ಸ್ ಸೆಲ್ ಮುಚ್ಚಳದ ಬೇರೆ ತೂತಿನಲ್ಲಿ ಇತ್ತು. ಕರೆಂಟ್ 0.38 ಮಿಲಿಆಂಪ್! ನೀವು ಹೇಳಿದ್ದಕ್ಕೆ ಎಷ್ಟು ಹತ್ತಿರ.

ನಮ್ಮ ಯಂತ್ರ 10,000 ಆರ್‌ಪಿಎಂವರೆಗೆ ಹೋಗುತ್ತದೆ. ಅಲ್ಲಿಗೆ ಹೋದರೆ ಆಗಬಹುದಾ?

ತಾಳವಾಡಿ ಹೈದ

ಅಕ್ಕ, ನಾನು ಸತ್ಯಮಂಗಲ ಬೆಟ್ಟದ ಮೇಲಿನ ತಾಳವಾಡಿಯವನು. ಎಲೆಕ್ಟ್ರೋಕೆಮಿಸ್ಟ್ರಿ ಕಲಿತಿದ್ದು ಕಾರೈಕುಡಿಯಲ್ಲಿ. ಅಳಗಪ್ಪ ಚೆಟ್ಟಿಯಾರ್ ಕೊಟ್ಟ ಜಾಗದಲ್ಲಿ 1948ರಲ್ಲಿ ಅಡಿಗಲ್ಲು ಹಾಕಿದ ಎಲೆಕ್ಟ್ರೋಕೆಮಿಸ್ಟ್ರಿ ಸಂಶೋಧನಾ ಸಂಸ್ಥೆ ಅದು. ಈ ವಿಷಯದ ಹಳೇ ಪುಸ್ತಕ ಓದೋ ಅಭ್ಯಾಸ ನನಗೆ ಅಲ್ಲೇ ಹತ್ತಿದ್ದು.

10,000ಕ್ಕೆ ಹೋದರೂ ವರ್ಗಮೂಲದ ಲೆಕ್ಕ. ನಾಲ್ಕು ಪಟ್ಟು ತಿರುಗಿಸಿದರೆ ಎರಡು ಪಟ್ಟು ಸಾಗಣೆ, ಅಂದರೆ 0.04. ಅಷ್ಟಕ್ಕೇ ದ್ರಾವಣದಲ್ಲಿ ಸುಳಿ ಬೀಳುತ್ತೆ, ಗಾಳಿ ಒಳಗೆ ಎಳ್ಕೊಳ್ಳುತ್ತೆ, ಡಿಸ್ಕ್ ಕೆಳಗೆ ಗುಳ್ಳೆ ಕೂರುತ್ತೆ. ಶಾಫ್ಟ್ ಕೂದಲೆಳೆಯಷ್ಟು ಸೊಟ್ಟಗಿದ್ರೂ ಅಲ್ಲಿ ಗೊತ್ತಾಗುತ್ತೆ. ಸಿಗೋ ಲಾಭಕ್ಕೆ ಈ ಕಷ್ಟ ಜಾಸ್ತಿ.

ಒಂದು ಹಳೇ ಸಂಗತಿ ಹೇಳ್ತೀನಿ. ಹೈರೋವ್‌ಸ್ಕಿ 1922ರಲ್ಲಿ ಪಾದರಸದ ಹನಿ ಎಲೆಕ್ಟ್ರೋಡಿನಿಂದ ಪೊಲರೋಗ್ರಫಿ ಶುರು ಮಾಡಿದರು, 1959ರಲ್ಲಿ ಅದಕ್ಕೆ ನೊಬೆಲ್ ಬಂತು. ಒಂದೊಂದು ಹನಿ ಕೆಲವು ಸೆಕೆಂಡ್ ಬೆಳೆದು ಬೀಳುತ್ತೆ. ಅಲ್ಲಿ ಸಾಗಣೆ ವೇಗ ಸೆಕೆಂಡಿಗೆ 0.001 ಸೆಂ.ಮೀ. ಆಸುಪಾಸು. ಹಾಗಾಗಿ ಅದಕ್ಕಿಂತ ಹತ್ತಿಪ್ಪತ್ತು ಪಟ್ಟು ವೇಗ ಇರೋ ಕ್ರಿಯೆ ಎಲ್ಲವೂ ಅಲ್ಲಿ ರಿವರ್ಸಿಬಲ್, ಅಂದರೆ ಎಲೆಕ್ಟ್ರಾನ್ ವರ್ಗಾವಣೆಗೆ ಹೊತ್ತೇ ತಗಲದ್ದು, ಅಂತಲೇ ಕಾಣುತ್ತೆ. ಅದೇ ಜೋಡಿಯನ್ನು ಚುರುಕಾದ ಸಾಗಣೆಗೆ ಇಟ್ಟರೆ ಹಾಗೆ ಕಾಣಲ್ಲ. ರಿವರ್ಸಿಬಲ್ ಅನ್ನೋದು ಆ ವಸ್ತುವಿನ ಸ್ವಭಾವ ಅಂತ ನಾವು ಬಾಯಿಪಾಠ ಮಾಡ್ತೀವಿ. ಅದು ವಸ್ತು ಮತ್ತು ನಮ್ಮ ಸಾಗಣೆ ಎರಡರ ನಡುವಿನ ಲೆಕ್ಕ.

ಮುಳ್ಳೇರಿಯ ತೋಟ

ನಾನು ಕೃಷಿಕ. ಮಗಳು ಬಿಎಸ್ಸಿ ಓದುತ್ತಿದ್ದಾಳೆ, ಅವಳ ಜೊತೆ ಕೂತು ಇದನ್ನು ಓದುತ್ತಿದ್ದೇನೆ. ನನ್ನದೊಂದು ಪ್ರಶ್ನೆ. ಡಿಸ್ಕನ್ನು ಯಾಕೆ ತಿರುಗಿಸಬೇಕು? ಡಿಸ್ಕ್ ಸುಮ್ನೆ ಇರಲಿ, ದ್ರಾವಣವನ್ನೇ ಪಂಪ್ ಹಾಕಿ ಅದರ ಮೇಲೆ ಜೋರಾಗಿ ಹರಿಸಿದರೆ ಆಗುವುದಿಲ್ಲವಾ? ಪಂಪ್ ಎಷ್ಟು ಬೇಕಾದರೂ ದೊಡ್ಡದು ಸಿಗುತ್ತದೆ.

ಕುಂಬಳೆಯವ

ಅಣ್ಣಾ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೇ ಚಾನೆಲ್ ಎಲೆಕ್ಟ್ರೋಡ್ ಅನ್ನುತ್ತಾರೆ. ತೆಳುವಾದ ಒಂದು ಕಾಲುವೆ, ಅದರ ತಳದಲ್ಲಿ ಹರಿವಿಗೆ ಅಡ್ಡವಾಗಿ ಒಂದು ಲೋಹದ ಪಟ್ಟಿ. ದ್ರಾವಣ ಅದರ ಮೇಲೆ ಹಾದುಹೋಗುತ್ತದೆ. 1990ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ರಿಚರ್ಡ್ ಕಾಂಪ್ಟನ್ ಅವರ ತಂಡ, ಒತ್ತಡ ಕೊಟ್ಟು ದ್ರಾವಣವನ್ನು ನುಗ್ಗಿಸುವ ವೇಗದ ಚಾನೆಲ್ ಕಟ್ಟಿತು. ಅದೇ ದಶಕದಲ್ಲಿ ವಾರಿಕ್‌ನಲ್ಲಿ ಜೂಲಿ ಮ್ಯಾಕ್‌ಫರ್ಸನ್ ಮತ್ತು ಪ್ಯಾಟ್ರಿಕ್ ಅನ್ವಿನ್ ಮೈಕ್ರೋಜೆಟ್ ಮಾಡಿದರು. ಸಣ್ಣ ಮೂತಿಯಿಂದ ದ್ರಾವಣವನ್ನು ಒಂದು ಪುಟ್ಟ ಎಲೆಕ್ಟ್ರೋಡಿನ ಮೇಲೆ ನೇರವಾಗಿ ಚಿಮ್ಮಿಸುವುದು.

ಆದರೆ ದೊಡ್ಡ ಪಂಪ್ ಹಾಕಿದರೆ ಸಾಕಾಗುವುದಿಲ್ಲ. ಯಾಕೆ ಅಂತ ನಿಮ್ಮ ತೋಡಿನಲ್ಲೇ ನೋಡಬಹುದು. ಮಳೆಗಾಲದಲ್ಲಿ ತೋಡಿನ ನಡುವೆ ಬಿದ್ದ ಎಲೆ ಓಡಿಹೋಗುತ್ತದೆ. ದಡಕ್ಕೆ ಹತ್ತಿರ ಬಿದ್ದದ್ದು ತೆವಳುತ್ತದೆ. ದಡಕ್ಕೆ ತಾಗಿದ ನೀರು ಹೆಚ್ಚುಕಮ್ಮಿ ನಿಂತೇ ಇರುತ್ತದೆ. ನಮ್ಮ ಎಲೆಕ್ಟ್ರೋಡ್ ಇರುವುದು ಆ ದಡದಲ್ಲಿ. ಫೆರೊಸೀನ್ ಕೊನೆಯ ಸ್ವಲ್ಪ ದೂರವನ್ನು ಆ ನಿಂತ ನೀರಿನಲ್ಲಿ ತಾನೇ ದಾಟಿ ಬರಬೇಕು. ಪಂಪ್ ಆ ಪದರವನ್ನು ತೆಳು ಮಾಡುತ್ತದೆ, ಪೂರಾ ತೆಗೆಯುವುದಿಲ್ಲ.

ಹಾಗಾಗಿ ಚಾನೆಲ್‌ನಲ್ಲಿ ಸಾಗಣೆ ಹರಿವಿನ ಘನಮೂಲದಂತೆ ಏರುತ್ತದೆ. ಹರಿವು ಎರಡು ಪಟ್ಟು ಮಾಡಿದರೆ ಸಿಗುವುದು 1.26 ಪಟ್ಟು. ಸಾಗಣೆ ಎರಡು ಪಟ್ಟು ಬೇಕಾದರೆ ಹರಿವು ಎಂಟು ಪಟ್ಟು ಬೇಕು. ತಿರುಗುವ ಡಿಸ್ಕಿನ ವರ್ಗಮೂಲಕ್ಕಿಂತಲೂ ಇದು ಜಿಪುಣ.

ಹಾಗಾದರೆ ಚಾನೆಲ್ ಯಾಕೆ ಗೆಲ್ಲುತ್ತದೆ? ಗುಟ್ಟು ಪಟ್ಟಿಯ ಉದ್ದದಲ್ಲಿದೆ. ಹರಿವಿನ ದಿಕ್ಕಿನಲ್ಲಿ ಪಟ್ಟಿ ಉದ್ದವಾಗಿದ್ದರೆ ಅದರ ಮುಂಭಾಗಕ್ಕೆ ಮಾತ್ರ ತಾಜಾ ದ್ರಾವಣ ಸಿಗುತ್ತದೆ, ಹಿಂಭಾಗಕ್ಕೆ ಮುಂದಿನವರು ತಿಂದು ಉಳಿದದ್ದು. ಪಟ್ಟಿಯನ್ನು ಎಂಟನೇ ಒಂದು ಭಾಗಕ್ಕೆ ಕತ್ತರಿಸಿದರೆ ಸರಾಸರಿ ಸಾಗಣೆ ಎರಡು ಪಟ್ಟಾಗುತ್ತದೆ. ಹರಿವು ಎಂಟು ಪಟ್ಟು ಮಾಡಿದಷ್ಟೇ ಫಲ, ಪಂಪಿಗೆ ಒಂದು ರೂಪಾಯಿ ಹಾಕದೆ. ಕರೆಂಟ್ ಕಡಿಮೆ ಆಗುತ್ತದೆ, ಅದು ಐಆರ್ ಡ್ರಾಪ್‌ಗೆ ಒಳ್ಳೆಯದೇ.

ಅಂಕಿ ಹಾಕುತ್ತೇನೆ. ಚಾನೆಲ್ ಎತ್ತರ 0.1 ಮಿ.ಮೀ., ಅಗಲ 2 ಮಿ.ಮೀ., ಹರಿವಿನ ದಿಕ್ಕಿನಲ್ಲಿ ಪಟ್ಟಿಯ ಉದ್ದ 10 ಮೈಕ್ರಾನ್, ಸರಾಸರಿ ಹರಿವು ಸೆಕೆಂಡಿಗೆ 4 ಮೀಟರ್. ರೆನಾಲ್ಡ್ಸ್ ಸಂಖ್ಯೆ ಸುಮಾರು 1800, ಹಾಗಾಗಿ ಹರಿವು ಇನ್ನೂ ಪದರ ಪದರವಾಗಿಯೇ ಇದೆ, ಕದಡಿಲ್ಲ. ಸಾಗಣೆ ವೇಗ ಸೆಕೆಂಡಿಗೆ 0.42 ಸೆಂ.ಮೀ. ಬರುತ್ತದೆ. ನಿನ್ನ 2500 ಆರ್‌ಪಿಎಂ ಡಿಸ್ಕಿಗಿಂತ 20 ಪಟ್ಟು, ತಂಗೀ. ಈಗ ಕೆ-ನಾಟ್ 1 ಇದ್ದರೆ ಮಧ್ಯಬಿಂದು ಸುಮಾರು 11 ಮಿಲಿವೋಲ್ಟ್ ಜರುಗುತ್ತದೆ. ಆ 56.4ರ ಅಂತರ 68ಕ್ಕೆ ಏರುತ್ತದೆ. ಇದು ಅಳೆಯಬಹುದಾದ ಸಂಖ್ಯೆ. ಹುಡುಗ ಈಗ ಓಡುತ್ತಿದ್ದಾನೆ, ಸುಲಿಯುವವನ ಕೈ ಕಾಣಲು ಶುರುವಾಗಿದೆ.

ಬದಿಯಡ್ಕ ಎಂಎಸ್ಸಿ

ಎರಡು ಸಲ ಓದಿದೆ. ಪಟ್ಟಿ ಕತ್ತರಿಸುವ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ, ನಿಜವಾಗಿ. ಪಾಠದಲ್ಲಿ ಸೂತ್ರ ಇತ್ತು, ಘಾತದಲ್ಲಿ ಮೂರನೇ ಒಂದು ಅಂತ ಬರೆದು ಪರೀಕ್ಷೆ ಪಾಸಾಗಿದ್ದೇನೆ. ಅದರೊಳಗೆ ಇಷ್ಟು ಇದೆ ಅಂತ ಗೊತ್ತಿರಲಿಲ್ಲ.

ಇದನ್ನು ನಾನು ಕಟ್ಟಬಹುದಾ? ನಮ್ಮ ಲ್ಯಾಬಿನಲ್ಲಿ ಪೆರಿಸ್ಟಾಲ್ಟಿಕ್ ಪಂಪ್ ಇದೆ. ಪ್ಲಾಟಿನಂ ಹಾಳೆಯ ತುಂಡು ಇದೆ.

ಕುಂಬಳೆಯವ

ಐದು ವಾರದಲ್ಲಿ ಬೇಡ ಅಂತ ನನ್ನ ಸಲಹೆ. ಯಾಕೆ ಅಂತ ಹೇಳಬೇಕಾದರೆ ನನ್ನ ಅನುಭವವನ್ನೇ ಹೇಳಬೇಕು.

ನಾನು ಮೊದಲ ಚಾನೆಲ್ ಕಟ್ಟಲು ಮೂರು ತಿಂಗಳು ತೆಗೆದುಕೊಂಡೆ. ಪ್ಲಾಟಿನಂ ಹಾಳೆಯನ್ನು ಎರಡು ಗಾಜಿನ ನಡುವೆ ಎಪಾಕ್ಸಿ ಹಾಕಿ ಕೂರಿಸಿದೆ, ಅಂಚು ಮೇಲೆ ಬರುವ ಹಾಗೆ ಉಜ್ಜಿದೆ. ಕಣ್ಣಿಗೆ ಕನ್ನಡಿಯ ಹಾಗೆ ಕಾಣುತ್ತಿತ್ತು. ನಿಧಾನದ ಹರಿವಿನಲ್ಲಿ ಎಲ್ಲ ಸರಿ. ಹರಿವು ಏರಿಸಿದಾಗ ಕರೆಂಟ್ ಘನಮೂಲದ ಗೆರೆ ಬಿಟ್ಟು ಬಾಗಿತು. ಸೂತ್ರ ತಪ್ಪಾ, ಪಂಪ್ ತಪ್ಪಾ ಅಂತ ವಾರಗಟ್ಟಲೆ ಒದ್ದಾಡಿದೆ. ಕೊನೆಗೆ ಒಳ್ಳೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೆತ್ತಗಿನ ಎಪಾಕ್ಸಿ ಜಾಸ್ತಿ ಸವೆದು, ಪ್ಲಾಟಿನಂ ಒಂದು ಮೈಕ್ರಾನಿಗಿಂತ ಸ್ವಲ್ಪ ಮೇಲೆ ನಿಂತಿತ್ತು.

ಒಂದು ಮೈಕ್ರಾನ್ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕು. ಸಾಗಣೆ 0.42 ಇರುವಾಗ ವಿಸರಣ ಪದರದ ದಪ್ಪ 0.57 ಮೈಕ್ರಾನ್. ಮೆಟ್ಟಿಲು ಪದರಕ್ಕಿಂತ ಎತ್ತರ! ಸೂತ್ರ ಸಪಾಟು ನೆಲಕ್ಕೆ ಬರೆದದ್ದು, ನನ್ನ ಎಲೆಕ್ಟ್ರೋಡ್ ಜಗಲಿಯ ಹಾಗೆ ಎದ್ದು ನಿಂತಿತ್ತು. ಹರಿವು ಜೋರಾದಷ್ಟೂ ಪದರ ತೆಳುವಾಗುತ್ತದೆ, ಪದರ ತೆಳುವಾದಷ್ಟೂ ನಮ್ಮ ಕೈಕೆಲಸದ ಕುಂದು ದೊಡ್ಡದಾಗುತ್ತದೆ. ಈ ವಿಧಾನದ ನಿಜವಾದ ಕಷ್ಟ ಇದು.

ಪೆರಿಸ್ಟಾಲ್ಟಿಕ್ ಪಂಪನ್ನು ಮರೆತುಬಿಡು. ಅದು ತಳ್ಳಿ ತಳ್ಳಿ ಕೊಡುತ್ತದೆ, ಕರೆಂಟಿನಲ್ಲಿ ನಾಡಿ ಬಡಿದ ಹಾಗೆ ಅಲೆ ಬರುತ್ತದೆ. ಅದರ ಮೆತ್ತಗಿನ ಕೊಳವೆಗೂ ಅಸಿಟೋನೈಟ್ರೈಲ್‌ಗೂ ಆಗಿಬರುವುದಿಲ್ಲ. ಕೊಳವೆಯ ಪ್ಲಾಸ್ಟಿಕ್ಕಿನಿಂದ ಏನೇನೋ ಕರಗಿ ಬಂದು ಎಲೆಕ್ಟ್ರೋಡ್ ಮೇಲೆ ಕೂರುತ್ತದೆ. ನೈಟ್ರೋಜನ್ ಒತ್ತಡದಿಂದ ಬಾಟಲಿಯಲ್ಲಿರುವ ದ್ರಾವಣವನ್ನು ತಳ್ಳುವುದು ಒಳ್ಳೆಯದು, ಆದರೆ ಅದಕ್ಕೆ ಒತ್ತಡ ತಡೆಯುವ ಪಾತ್ರೆ ಬೇಕು. ಗಾಜಿನ ಬಾಟಲಿಗೆ ಒತ್ತಡ ಕೊಡಬೇಡ, ದಯವಿಟ್ಟು. ಮತ್ತೆ ನಾನು ಮೇಲೆ ಹೇಳಿದ ಹರಿವಿಗೆ ನಿಮಿಷಕ್ಕೆ 48 ಮಿ.ಲೀ. ಅಸಿಟೋನೈಟ್ರೈಲ್ ಖರ್ಚು.

ಅಕ್ಕಲಕೋಟೆ ಮಂದಿ

ನಮಸ್ಕಾರ್ರಿ. ನಾನು ಅಕ್ಕಲಕೋಟದಾಗ ಫಾರ್ಮಸಿ ಓದೇನಿ. ಇಷ್ಟು ಕಷ್ಟಪಟ್ಟು ಈ ಸಂಖ್ಯೆ ತಗೊಂಡು ಏನು ಉಪಯೋಗ ಅಂತ ಯಾರರೆ ಹೇಳ್ರಿ. ತಪ್ಪು ತಿಳಕೋಬ್ಯಾಡ್ರಿ, ಖರೇನ ತಿಳಕೊಳ್ಳಾಕ ಕೇಳಾಕತ್ತೀನಿ.

ತಾಳವಾಡಿ ಹೈದ

ಸಕ್ಕರೆ ಕಾಯಿಲೆಯವರು ರಕ್ತದ ಹನಿ ಹಾಕಿ ನೋಡೋ ಮೀಟರ್ ಇದೆಯಲ್ಲ, ಮೊದಮೊದಲ ಅಂಥ ಮೀಟರುಗಳಲ್ಲಿ ಕಿಣ್ವದಿಂದ ಎಲೆಕ್ಟ್ರೋಡಿಗೆ ಎಲೆಕ್ಟ್ರಾನ್ ಹೊತ್ತು ತರುತ್ತಿದ್ದಿದ್ದು ಫೆರೊಸೀನ್‌ನ ಸಂಬಂಧಿ. ದ್ರಾವಣ ಹರಿಸಿ ನಡೆಸೋ ಫ್ಲೋ ಬ್ಯಾಟರಿಯಲ್ಲಿ ಎಲೆಕ್ಟ್ರೋಡ್ ಮೇಲಿನ ವೇಗ ಕಡಿಮೆ ಇದ್ದರೆ ಅಷ್ಟು ವೋಲ್ಟೇಜ್ ಶಾಖವಾಗಿ ಹೋಗುತ್ತೆ. ಇನ್ನೊಂದು, ಎಲೆಕ್ಟ್ರಾನ್ ಹಾರುವಾಗ ಸುತ್ತಲಿನ ದ್ರಾವಕದ ಅಣುಗಳೂ ಹೊಂದಿಕೊಳ್ಳಬೇಕು ಅಂತ ಲೆಕ್ಕ ಕಟ್ಟಿದ ರುಡಾಲ್ಫ್ ಮಾರ್ಕಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು. ಆ ಲೆಕ್ಕವನ್ನು ಎಲೆಕ್ಟ್ರೋಡಿನಲ್ಲಿ ಪರೀಕ್ಷೆ ಮಾಡಬೇಕಾದರೆ ಇಂಥ ವೇಗದ ಸಂಖ್ಯೆಗಳು ಸರಿಯಾಗಿ ಸಿಗಬೇಕು. ಐಆರ್ ಡ್ರಾಪನ್ನೇ ವೇಗ ಅಂತ ಬರೆದುಬಿಟ್ಟರೆ ಅದರ ಮೇಲೆ ಕಟ್ಟಿದ್ದೆಲ್ಲ ತಪ್ಪಾಗುತ್ತೆ.

ಬದಿಯಡ್ಕದ ಅಕ್ಕ, ನಿಮ್ಮ ಐದು ವಾರಕ್ಕೆ ನಾನೊಂದು ದಾರಿ ಹೇಳ್ತೀನಿ. ನಿಮ್ಮ ಲ್ಯಾಬಿನಲ್ಲಿ ಯಾರ ಹತ್ತಿರವಾದರೂ 10 ಮೈಕ್ರಾನ್ ಅಗಲದ ಪ್ಲಾಟಿನಂ ಮೈಕ್ರೋಎಲೆಕ್ಟ್ರೋಡ್ ಇದೆಯಾ ಕೇಳಿ. ತಿರುಗಿಸೋದು ಬೇಡ, ಹರಿಸೋದು ಬೇಡ. ಪುಟ್ಟ ಡಿಸ್ಕಿಗೆ ಎಲ್ಲಾ ಕಡೆಯಿಂದಲೂ ಫೆರೊಸೀನ್ ಬರುತ್ತೆ. ಸಾಗಣೆ ವೇಗ ಅಂದರೆ ವಿಸರಣ ಗುಣಾಂಕದ ನಾಲ್ಕು ಪಟ್ಟು, ಭಾಗಿಸು ಪೈ ಗುಣಿಸು ತ್ರಿಜ್ಯ. ಹಾಕಿ ನೋಡಿದರೆ 0.06 ಬರುತ್ತೆ. ಸುಮ್ಮನೆ ನಿಂತಿರೋ ಈ ಚುಕ್ಕೆ, 10,000 ಆರ್‌ಪಿಎಂ ಡಿಸ್ಕಿಗಿಂತ ಮುಂದೆ!

ಕರೆಂಟ್ 4.6 ನ್ಯಾನೋಆಂಪ್ ಅಷ್ಟೇ. ರೋಧ 50,000 ಓಮ್ ಇದ್ದರೂ ಕಾಲು ಮಿಲಿವೋಲ್ಟಿಗಿಂತ ಕಡಿಮೆ ಕಳೆಯುತ್ತೆ. ನಿಮ್ಮ 39 ಮಿಲಿವೋಲ್ಟಿನ ಕಾಟ ಹೋಯ್ತು.

ಆದರೆ ನ್ಯಾನೋಆಂಪಿಗೆ ಗೋಡೆಯ ವೈರಿಂಗಿನಿಂದ, ಇನ್ವರ್ಟರಿನಿಂದ ಗದ್ದಲ ಬರುತ್ತೆ. ನಾವು ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಕ್ಕೆ ತೂತು ಮಾಡಿ, ಅರ್ಥ್ ಕೊಟ್ಟು, ಒಳಗೆ ಸೆಲ್ ಇಟ್ಟಿದ್ವಿ. ಬಣ್ಣ ಕೆರೆದು ಅರ್ಥ್ ತಂತಿ ಬಿಗಿಯಬೇಕು, ಅದು ಮುಖ್ಯ. ಸೆಕೆಂಡಿಗೆ 10 ಮಿಲಿವೋಲ್ಟ್ ನಿಧಾನದಲ್ಲಿ ಹೋಗಿ. ನಿಮ್ಮ ಕಡೆ ಮಳೆ ಶುರುವಾಗಿದ್ರೆ ಅಸಿಟೋನೈಟ್ರೈಲ್ ಬಾಟಲಿ ಮುಚ್ಚಳ ತೆರೆದಿಡಬೇಡಿ, ನೀರು ಎಳ್ಕೊಳ್ಳುತ್ತೆ.

ಪೆರ್ಲದ ಮಾಷ್ಟ್ರು

ಒಂದು ಸಂಶಯ. 0.06 ಆದರೂ 1ರ ಎದುರು ಸಣ್ಣದೇ ಅಲ್ವಾ? ಹುಡುಗ ಮೊದಲಿಗಿಂತ ಚುರುಕಾದ, ಆದರೆ ಸುಲಿಯುವವ ಇನ್ನೂ ಹದಿನಾರು ಪಟ್ಟು ಮುಂದೆ. ಈ ಮಗು ಕೊನೆಗೆ ವರದಿಯಲ್ಲಿ ಯಾವ ಸಂಖ್ಯೆ ಬರೆಯುವುದು?

ಕುಂಬಳೆಯವ

ಮಾಷ್ಟ್ರೇ, ಅಲ್ಲಿಗೇ ಬರಬೇಕು ಅಂತ ಇದ್ದೆ. ಸಂಖ್ಯೆ ಬರೆಯಬಾರದು, ಮಿತಿ ಬರೆಯಬೇಕು.

ಆ ಪುಟ್ಟ ಡಿಸ್ಕಿನಲ್ಲಿ ಕೆ-ನಾಟ್ 1 ಆದರೆ ಕಾಲು-ಮುಕ್ಕಾಲು ಅಂತರ 58ರ ಹತ್ತಿರ. 0.5 ಆದರೆ 60. 0.1 ಆದರೆ ಎಪ್ಪತ್ತು ದಾಟುತ್ತದೆ, ಎದ್ದು ಕಾಣುತ್ತದೆ. ಅವಳು ಅಳೆದಾಗ 60 ದಾಟದಿದ್ದರೆ, ಈ ಕ್ರಿಯೆಯ ವೇಗ 0.5ಕ್ಕಿಂತ ಕಡಿಮೆ ಇಲ್ಲ ಅಂತ ಗಟ್ಟಿಯಾಗಿ ಹೇಳಬಹುದು. ಮೇಲಿನ ಕಡೆ ಎಷ್ಟು ಅಂತ ಆ ಅಳತೆ ಹೇಳುವುದಿಲ್ಲ. ಇದು ಸೋತ ಪ್ರಯೋಗ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. 0.05 ಅಂತ ಎರಡು ದಶಮಾಂಶ ಹಾಕಿ ಬರೆದ ತಪ್ಪು ಸಂಖ್ಯೆಗಿಂತ ಈ ಒಂದು ಸಾಲು ಮುಂದಿನವರಿಗೆ ಉಪಕಾರ. ಪುಟ್ಟ ಡಿಸ್ಕಿಗೆ ಸರಿಯಾದ ಕೋಷ್ಟಕ ಬೇಕಾದರೆ ಮಿರ್ಕಿನ್ ಮತ್ತು ಬಾರ್ಡ್ 1992ರಲ್ಲಿ ಮಾಡಿಟ್ಟಿದ್ದಾರೆ, ಕಾಲು-ಅರ್ಧ-ಮುಕ್ಕಾಲು ವೋಲ್ಟೇಜುಗಳಿಂದಲೇ ಲೆಕ್ಕ ತೆಗೆಯಬಹುದು. ನನ್ನ ಮೇಲಿನ ಅಂಕಿಗಳು ಡಿಸ್ಕಿನ ಎಲ್ಲಾ ಭಾಗಕ್ಕೂ ಒಂದೇ ಸಾಗಣೆ ಅಂತ ಹಿಡಿದ ಅಂದಾಜು.

ಜೊತೆಗೆ ಒಂದು ಕೆಲಸ ಮಾಡು, ತಂಗೀ. ತಿರುಗುವ ಡಿಸ್ಕನ್ನು ಮೂಲೆಗೆ ಹಾಕಬೇಡ. ಆಮ್ಲದಲ್ಲಿ ಕಬ್ಬಿಣದ 2+/3+ ಜೋಡಿಯನ್ನು ಅದೇ ಗ್ಲಾಸಿ ಕಾರ್ಬನ್ ಮೇಲೆ ಅಳೆ. ಅದು ನಿಧಾನದ ಕ್ರಿಯೆ, ಡಿಸ್ಕಿನ ಸಾಗಣೆ ಅದಕ್ಕೆ ಧಾರಾಳ ಸಾಕು. ಕೌಟೆಕಿ-ಲೆವಿಚ್ ಗೆರೆ ಅಕ್ಷವನ್ನು ಸ್ಪಷ್ಟವಾಗಿ ಕತ್ತರಿಸುತ್ತದೆ. ಕಾರ್ಬನ್ ಉಜ್ಜಿದ ರೀತಿಯ ಮೇಲೆ ಸಂಖ್ಯೆ ಬದಲಾಗುತ್ತದೆ, ಹಾಗಾಗಿ ಪ್ರತಿ ಸಲ ಒಂದೇ ರೀತಿ ಉಜ್ಜಬೇಕು. ಎರಡನ್ನೂ ಒಂದೇ ವರದಿಯಲ್ಲಿ ಇಟ್ಟರೆ, ಒಂದೇ ಯಂತ್ರ ಎಲ್ಲಿಯವರೆಗೆ ನೋಡಬಲ್ಲದು, ಎಲ್ಲಿ ಕುರುಡಾಗುತ್ತದೆ ಅಂತ ಕಾಣುತ್ತದೆ.

ಮುಳ್ಳೇರಿಯ ತೋಟ

ಮಗಳು ಕೇಳುತ್ತಿದ್ದಾಳೆ: ಎಲೆಕ್ಟ್ರೋಡನ್ನು ಇನ್ನೂ ಸಣ್ಣದು ಮಾಡುತ್ತಾ ಹೋದರೆ ಹರಿವೇ ಬೇಡವಲ್ಲ?

ಕುಂಬಳೆಯವ

ಅವಳು ಸರಿಯಾಗಿ ಹಿಡಿದಿದ್ದಾಳೆ. ಅರ್ಧ ಮೈಕ್ರಾನ್ ತ್ರಿಜ್ಯಕ್ಕೆ ಹೋದರೆ ಹರಿವಿಲ್ಲದೆ 0.6 ಸಿಗುತ್ತದೆ. ಎರಡು ಮೇಲ್ಮೈಗಳನ್ನು ಮೈಕ್ರಾನಿನ ಹತ್ತನೇ ಒಂದು ಭಾಗ ಹತ್ತಿರ ತಂದರೆ 2ಕ್ಕೂ ಮೇಲೆ. ವೇಗದ ದೊಡ್ಡ ಸಂಖ್ಯೆಗಳು ಬರುತ್ತಿರುವುದು ಆ ಕಡೆಯಿಂದಲೇ. ಆದರೆ ಅಷ್ಟು ಸಣ್ಣದಾದಾಗ ಲೋಹ ಗಾಜಿನಿಂದ ಎಷ್ಟು ಒಳಗೆ ಕೂತಿದೆ, ಅಂಚು ಒಡೆದಿದೆಯಾ ಅಂತ ನೋಡುವುದೇ ದೊಡ್ಡ ಕೆಲಸ. ಆಕಾರ ತಪ್ಪು ತಿಳಿದರೆ ವೇಗವೂ ತಪ್ಪು. ಹರಿವಿನ ವಿಧಾನದಲ್ಲಿ ಒಂದು ಸುಖ ಇದೆ: ಎಲೆಕ್ಟ್ರೋಡ್ ಬದಲಿಸದೆ ಸಾಗಣೆಯನ್ನು ಮಾತ್ರ ಬದಲಿಸಬಹುದು. ಹರಿವು ಏರಿಸಿದಂತೆ ಅಲೆ ಸೂತ್ರ ಹೇಳಿದ ರೀತಿಯಲ್ಲೇ ಜರುಗಿದರೆ ನಂಬಬಹುದು, ಜರುಗದಿದ್ದರೆ ಬೇರೆ ಏನೋ ಇದೆ ಅಂತ ತಕ್ಷಣ ಗೊತ್ತಾಗುತ್ತದೆ. ನನಗೆ ಈಗಲೂ ಇಷ್ಟ ಅದೇ.

ಬದಿಯಡ್ಕ ಎಂಎಸ್ಸಿ

ಮೂರು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಪಕ್ಕದ ಲ್ಯಾಬಿನ ಅಕ್ಕನ ಹತ್ತಿರ 10 ಮೈಕ್ರಾನ್ ಪ್ಲಾಟಿನಂ ಸಿಕ್ಕಿತು. ಬಿಸ್ಕತ್ತಿನ ಡಬ್ಬ ಮನೆಯಿಂದ ತಂದೆ. ಮೊದಲ ದಿನ ಗೆರೆ ಪೂರಾ ನಡುಗುತ್ತಿತ್ತು. ಬಣ್ಣ ಕೆರೆಯದೆ ಅರ್ಥ್ ಕೊಟ್ಟಿದ್ದೆ. ಕೆರೆದ ಮೇಲೆ ಶಾಂತವಾಯಿತು.

ಕರೆಂಟ್ 4.5 ನ್ಯಾನೋಆಂಪ್. ಆರು ಸಲ ಅಳೆದೆ. ಕಾಲು-ಮುಕ್ಕಾಲು ಅಂತರ ಆರೂ ಸಲ 57ರಿಂದ 59 ಮಿಲಿವೋಲ್ಟ್ ಒಳಗೆ ಬಂತು. ವರದಿಯಲ್ಲಿ "ಸೆಕೆಂಡಿಗೆ 0.5 ಸೆಂ.ಮೀ.ಗಿಂತ ಕಡಿಮೆ ಇಲ್ಲ" ಅಂತ ಬರೆದೆ. ಗೈಡ್ ಮೊದಲು ಒಂದು ಸಂಖ್ಯೆ ಕೊಡು ಅಂದರು. ಮಾಷ್ಟ್ರ ಅಡಿಕೆ ಲೆಕ್ಕವನ್ನೇ ಬೋರ್ಡಿನಲ್ಲಿ ಬರೆದು ತೋರಿಸಿದೆ. 60ಕ್ಕೆ ಹೋಲಿಸಿದರೆ ಸೆಕೆಂಡಿನಷ್ಟು ಅಂತ ಹೇಳಿದಾಗ ಅವರು ತುಂಬಾ ಹೊತ್ತು ನೋಡಿ, ಹಾಗೇ ಇರಲಿ ಅಂದರು. ಹಳೆಯ 0.05 ಮತ್ತು 0.11ನ್ನೂ ವರದಿಯಲ್ಲಿ ಇಟ್ಟಿದ್ದೇನೆ, ಪಕ್ಕದಲ್ಲಿ ರೋಧದ ಲೆಕ್ಕದ ಜೊತೆ.

ಕಬ್ಬಿಣದ ಜೋಡಿಗೆ ಡಿಸ್ಕಿನಲ್ಲಿ ಗೆರೆ ಚೆನ್ನಾಗಿ ಬಂತು, ಅಕ್ಷವನ್ನು ಸೊನ್ನೆಯಿಂದ ಎಷ್ಟೋ ಮೇಲೆ ಕತ್ತರಿಸಿತು. ಮೂರು ದಿನವೂ ಹೆಚ್ಚುಕಮ್ಮಿ ಅದೇ ಜಾಗದಲ್ಲಿ.

ಅಣ್ಣ, ಪ್ರಾಜೆಕ್ಟ್ ಮುಗಿದ ಮೇಲೆ ಒಂದು ತಿಂಗಳು ಲ್ಯಾಬ್ ಬಳಸಲು ಒಪ್ಪಿಗೆ ಸಿಕ್ಕಿದೆ. ನೀರಿನ ದ್ರಾವಣದಲ್ಲಿ, ಪಟ್ಟಿಯನ್ನು ಸ್ವಲ್ಪ ಅಗಲವಾಗಿಯೇ ಇಟ್ಟು, ಒಂದು ಚಾನೆಲ್ ಕಟ್ಟಿ ನೋಡಬೇಕು ಅಂತ ಇದ್ದೇನೆ. ನೀರಿನ ಟ್ಯಾಂಕನ್ನು ಎತ್ತರದಲ್ಲಿಟ್ಟು ಇಳಿಜಾರಿನಿಂದ ಹರಿಸಿದರೆ ನಾಡಿ ಬಡಿಯುವುದಿಲ್ಲ ಅಲ್ವಾ? ಎಪಾಕ್ಸಿ ಸವೆಯದ ಹಾಗೆ ಉಜ್ಜಲು ನೀವು ಕೊನೆಗೆ ಏನು ಮಾಡಿದಿರಿ?

ಕುಂಬಳೆಯವ

ಎತ್ತರದ ಟ್ಯಾಂಕ್ ಚೆನ್ನಾಗಿ ಆಗುತ್ತದೆ, ಹಳಬರು ಹಾಗೇ ಮಾಡುತ್ತಿದ್ದರು. ಟ್ಯಾಂಕಿನ ನೀರಿನ ಮಟ್ಟ ಇಳಿಯದ ಹಾಗೆ ನೋಡಿಕೋ, ಮಟ್ಟ ಇಳಿದರೆ ಹರಿವೂ ಇಳಿಯುತ್ತದೆ. ಎಪಾಕ್ಸಿಗೆ: ಅಂಟಿನ ಪದರವನ್ನು ಆದಷ್ಟು ತೆಳು ಮಾಡು, ಎರಡು ಕಡೆ ಗಾಜು ಪ್ಲಾಟಿನಂಗೆ ಒತ್ತಿ ಕೂರಲಿ. ಉಜ್ಜುವಾಗ ಮೆತ್ತಗಿನ ಬಟ್ಟೆ ಬೇಡ, ಗಟ್ಟಿ ತಳದ ಮೇಲೆ ನುಣುಪು ಕಾಗದ ಇಟ್ಟು, ಪಟ್ಟಿಯ ನೀಳ ಬದಿಯ ಉದ್ದಕ್ಕೇ ಉಜ್ಜು, ಅದಕ್ಕೆ ಅಡ್ಡಲಾಗಿ ಉಜ್ಜಬೇಡ. ಪ್ರತಿ ಹತ್ತು ಸಲಕ್ಕೆ ಒಮ್ಮೆ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡು. ಮೊದಲು ಹರಿವಿನ ಘನಮೂಲದ ಗೆರೆ ಹಾಕಿ ಇಲ್ಲಿ ಕಳಿಸು, ಅದು ಸೊನ್ನೆಯಿಂದ ನೇರ ಹೋಗುತ್ತಿದೆಯಾ ಅಂತ ನೋಡಿದ ಮೇಲೆ ವೇಗದ ಮಾತು.